ಕಿವಿ ಕೇಳದ ಧೀರನೂ ಹದಿನೆಂಟು ಬೇಲ್ ಹೊಗೆಸೊಪ್ಪೂ

ಕರ್ರ್... ಕರ್ರ್... ಟಪ್!

ನಮ್ಮ ನಡುಮನೆಗೂ ಸೊಪ್ಪಿನ ಕೋಣೆಗೂ ನಡುವೆ ಇರುವುದು ಒಂದೇ ಗೋಡೆ. ಆ ಗೋಡೆಯಾಚೆಯಿಂದ ಹಾಡಹಗಲೇ ಬರುತ್ತಿದ್ದ ಸದ್ದು ಇದು. ಮೊದಲೆರಡು, ಇಲಿ ಗೋಣಿಯನ್ನು ಕೊರೆಯುವುದು. ಮೂರನೆಯದು, ಕೆಲಸ ಮುಗಿಸಿ ನೆಲಕ್ಕೆ ಹಾರುವುದು. ಇಲಿಗೆ ಹೊಗೆಸೊಪ್ಪು ರುಚಿಸುವುದಿಲ್ಲ. ಅದಕ್ಕೆ ಬೇಕಾದದ್ದು ಬೆಚ್ಚನೆಯ ಹೆರಿಗೆಮನೆ. ಬ್ಯಾರನ್ ಎಂಬ ಬಿಸಿಗೂಡಿನಲ್ಲಿ ಬೇಯಿಸಿ, ಬಣ್ಣ ನೋಡಿ ವಿಂಗಡಿಸಿ, ಗೋಣಿಯಲ್ಲಿ ಬಿಗಿದು ಕಟ್ಟಿದ ಬೇಲ್‌ಗಿಂತ ಬೆಚ್ಚನೆಯ ಹೆರಿಗೆಮನೆ ಪಿರಿಯಾಪಟ್ಟಣ ತಾಲ್ಲೂಕಿನಲ್ಲೇ ಇನ್ನೊಂದಿಲ್ಲ! ಹರಾಜಿನ ದಿನ ಬೇಲ್ ಬಿಚ್ಚಿದಾಗ ಎಲೆಗಳ ನಡುವೆ ಆರು ಗುಲಾಬಿ ಮರಿಗಳು ಕಣ್ಣು ಮುಚ್ಚಿ ಮಲಗಿದ್ದರೆ, ಯಾವ ವ್ಯಾಪಾರಿಯೂ ಅದನ್ನು ಶುಭಶಕುನ ಎನ್ನುವುದಿಲ್ಲ. ಹೋದ ವರ್ಷ ಹಾಗೇ ಆಗಿತ್ತು. ಈ ವರ್ಷ ಹದಿನೆಂಟು ಬೇಲ್‌ಗಳು ಕೋಣೆಯಲ್ಲಿ ಕಾದು ಕೂತಿದ್ದವು.

"ಅಪ್ಪಾಜಿ, ಈ ಸದ್ದು ನಿಲ್ಲಿಸೋ ಜವಾಬ್ದಾರಿ ನಂದು!" ಎಂದು ಒಂದು ಸಂಜೆ ಘೋಷಿಸಿದೆ. ಪಿರಿಯಾಪಟ್ಟಣದ ಕಾಲೇಜಿನಲ್ಲಿ ಕೊನೆಯ ವರ್ಷದ ಬಿ.ಎ. ಓದುತ್ತಿರುವವಳು ನಾನು. ಚರಿತ್ರೆಯ ಪುಸ್ತಕದಲ್ಲಿ ಎಷ್ಟೋ ಸಾಮ್ರಾಜ್ಯಗಳು ಉರುಳಿದ್ದನ್ನು ಕಂಡಿದ್ದೇನೆ. ಇಲಿಗಳ ಸಾಮ್ರಾಜ್ಯ ಯಾವ ಲೆಕ್ಕ!

ಅಪ್ಪಾಜಿ ಕಾಫಿ ಲೋಟ ಕೆಳಗಿಟ್ಟರು. "ಹೆಂಗೆ? ಅವಕ್ಕೆ ಪರೀಕ್ಷೆ ಬರೆಸ್ತೀಯಾ?"

"ನಾಯಿ ತರ್ತೀನಿ. ಟೆರಿಯರ್. ಇಲಿ ಹಿಡಿಯೋಕೇ ಹುಟ್ಟಿದ ಜಾತಿ."

"ಇಲಿ ಹಿಡಿಯಾಕೆ ಬೆಕ್ಕು ಅಂತ ಒಂದು ಪ್ರಾಣಿ ಅದೆ ಕಣವ್ವ."

ಆ ಪ್ರಾಣಿ ಆಗ ಬೇಲ್‌ಗಳ ಮೇಲೆಯೇ ಪವಡಿಸಿತ್ತು. ಕೆಳಗೆ ಕರ್ರ್ ಎಂದಾಗಲೆಲ್ಲ ಜೋಗುಳ ಕೇಳಿದಂತೆ ಮಗ್ಗುಲು ಬದಲಿಸುತ್ತಿತ್ತು. ಅಪ್ಪಾಜಿ ಅದನ್ನು ನೋಡಿದರು, ನನ್ನನ್ನು ನೋಡಿದರು, ನಿಟ್ಟುಸಿರು ಬಿಟ್ಟರು.

"ಸರಿ, ತಾ. ಆದ್ರೆ ಬೇಲ್ ಲೋಡ್ ಮಾಡೋ ದಿನದೊಳ್ಗೆ ಅದು ಕೆಲ್ಸ ಮಾಡಿ ತೋರಿಸ್ಬೇಕು. ಇಲ್ಲಾಂದ್ರೆ ಎಲ್ಲಿಂದ ಬತ್ತೋ ಅಲ್ಲಿಗೇ ವಾಪಸ್."

ಒಳಗಿನಿಂದ ಅಜ್ಜಿ ಪುಟ್ಟಮಲ್ಲಮ್ಮನವರು ತಮ್ಮ ಷರತ್ತನ್ನೂ ಸೇರಿಸಿದರು: "ನಾಯಿ ಹೊಸ್ಲು ದಾಟ್‌ಬಾರ್ದು!"

ನಾನು ಎರಡಕ್ಕೂ ಒಪ್ಪಿದೆ.

ಕುಶಾಲನಗರದ ಆಚೆ ಒಂದು ಕಾಫಿ ತೋಟದ ಮನೆಯಲ್ಲಿ ಐದು ಮರಿಗಳಿದ್ದವು. ಹುಟ್ಟಿ ಐದಾರು ತಿಂಗಳಾಗಿತ್ತು. ನಾನು ಅವುಗಳನ್ನು ನೋಡುತ್ತಿರುವಾಗಲೇ ಅಡುಗೆಮನೆಯಲ್ಲಿ ಯಾರೋ ಸ್ಟೀಲ್ ತಟ್ಟೆಗಳ ಗೋಪುರವನ್ನೇ ಬೀಳಿಸಿದರು. ನಾಲ್ಕು ಮರಿಗಳು ನಾಲ್ಕು ದಿಕ್ಕಿಗೆ ಚದುರಿದವು. ಐದನೆಯದು, ಮೈಯೆಲ್ಲ ಬಿಳಿ, ಒಂದು ಕಿವಿ ಮಾತ್ರ ಕಂದು, ಕೂತಲ್ಲೇ ಕೂತಿತ್ತು. ರೆಪ್ಪೆ ಕೂಡ ಅಲುಗಿಸಲಿಲ್ಲ. ಎಂಥ ಸ್ಥೈರ್ಯ! ಎಂಥ ಸಂಯಮ! ಭೂಮಿ ಬಿರಿದರೂ ಬೆಚ್ಚದ ಯೋಗಿ!

"ಆ ಮರಿ ಬೇಡಮ್ಮ, ಅದಕ್ಕೆ..." ಎಂದರು ತೋಟದ ಮನೆಯವರು.

"ಇದೇ ಬೇಕು ಆಂಟಿ!"

"ಅಲ್ಲಮ್ಮ, ಸ್ವಲ್ಪ ಕೇಳು, ಅದರ..."

"ಕೇಳೋದೇನೂ ಇಲ್ಲ ಆಂಟಿ, ನೋಡಿದ ಕೂಡಲೇ ಗೊತ್ತಾಯ್ತು!"

ಅವರು ಮೂರನೆಯ ಸಲ ಬಾಯಿ ತೆರೆಯುವಷ್ಟರಲ್ಲಿ ನಾನು ಮರಿಯನ್ನು ಎತ್ತಿಕೊಂಡು ಗೇಟು ದಾಟಿದ್ದೆ. ಬಸ್ಸಿನಲ್ಲೇ ನಾಮಕರಣವೂ ಆಯಿತು: ಧೀರ.

ಹನ್ನೆರಡು ದಿನ ನಾನು "ಧೀರಾ!" ಎಂದು ಕರೆದೆ. ಪ್ರೀತಿಯಿಂದ ಕರೆದೆ, ಸಿಟ್ಟಿನಿಂದ ಕರೆದೆ, ರಾಗವಾಗಿ ಕರೆದೆ. ಪಕ್ಕದ ಬೀದಿಯ ಎರಡು ನಾಯಿಗಳು ಓಡಿ ಬಂದವು. ಧೀರ ಬರಲಿಲ್ಲ. ಹದಿಮೂರನೆಯ ದಿನ ಸೊಪ್ಪು ವಿಂಗಡಿಸಲು ಬರುವ ಸಾಕಮ್ಮ, ಎಲೆಯ ರಾಶಿಯ ಮುಂದೆ ಕೂತಿದ್ದವಳು, ಎದ್ದು ಬಂದು ಧೀರನ ಹಿಂದೆ ನಿಂತಳು. ಖಾಲಿ ಎಣ್ಣೆ ಡಬ್ಬವನ್ನು ಕೋಲಿನಿಂದ ಢಣ್ ಎಂದು ಬಾರಿಸಿದಳು. ಮಾವಿನ ಮರದ ಕಾಗೆಗಳೆಲ್ಲ ಎದ್ದವು. ಧೀರ ಆಕಳಿಸಿದ.

"ನೋಡಿದ್ಯಾ ಸಾಕಮ್ಮ, ಎಂಥ ಸಂಯಮ!"

"ಸಂಯಮ ಅಲ್ಲ ಕಣ್ ಚೈತ್ರವ್ವ, ಕಿವಿ ಕೇಳಕ್ಕಿಲ್ಲ ಇದ್ಕೆ. ಪೂರಾ ಕಿವುಡು."

ಸುದ್ದಿ ನನಗಿಂತ ಮೊದಲು ಅಪ್ಪಾಜಿಗೆ ತಲುಪಿತು. ಅವರು ನಗಲಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿಯಿತ್ತು. "ಇಲಿ ಕರ್ ಅಂದ್ರೆ ಇದು ಕೊರ್ ಅಂತದೆ. ಮೊದ್ಲೇ ಒಂದು ಬೆಕ್ಕಿತ್ತು ಅಂಗೆ. ಭಾನುವಾರ ಲೋಡಿಂಗು. ಸೋಮವಾರ ನಾಯಿ ವಾಪಸ್."

ಧೀರ ನನ್ನ ಚಪ್ಪಲಿಯ ಮೇಲೆ ಗಲ್ಲವಿಟ್ಟು ಮಲಗಿದ್ದ. ತೋಟದ ಮನೆಯಲ್ಲಿ ಅವನನ್ನು ಯಾರೂ ಬಯಸಿರಲಿಲ್ಲ ಎಂಬುದು ನನಗೆ ಈಗ ಅರ್ಥವಾಗಿತ್ತು. ವಾಪಸ್ಸು ಹೋದರೆ ಇನ್ನು ಯಾರೂ ಬಯಸುವುದಿಲ್ಲ ಎಂಬುದೂ.

"ನೋಡ್ತಾ ಇರಿ ಅಪ್ಪಾಜಿ. ಕೈಸನ್ನೆಯಲ್ಲೇ ತಯಾರು ಮಾಡ್ತೀನಿ!" ಎಂದೆ.

ಉಳಿದದ್ದು ಆರು ದಿನ. ಮೊಬೈಲ್ ನೋಡಿ ನನ್ನದೇ ಒಂದು ಸನ್ನೆಗಳ ಶಾಸ್ತ್ರ ರಚಿಸಿದೆ. ಮುಷ್ಟಿ ಹಿಡಿದರೆ ಕೂತುಕೋ. ಎರಡು ಬೆರಳು ಚಾಚಿದರೆ ನುಗ್ಗು. ಹೆಬ್ಬೆರಳು ಎತ್ತಿದರೆ ಶಭಾಷ್. ಹೆಬ್ಬೆರಳಿಗೆ ಕೊನೆಯವರೆಗೂ ಕೆಲಸವೇ ಬೀಳಲಿಲ್ಲ! ಮುದ್ದೆ, ಮೊಸರನ್ನ ಎರಡರ ಮೇಲೆ ಬೇಟೆಗಾರನನ್ನು ಬೆಳೆಸಬೇಕಾದ ಕಷ್ಟ ಬೇರೆ, ನಮ್ಮದು ಮಾಂಸ ಕಾಣದ ಮನೆ. ಧೀರ ನನ್ನ ಕೈಯನ್ನು ಗಮನವಿಟ್ಟು ನೋಡುತ್ತಿದ್ದ, ಕೈಯಲ್ಲಿ ಮುದ್ದೆ ಇಲ್ಲವೆಂದು ಖಚಿತವಾದ ಮೇಲೆ ಎದ್ದು ಹೋಗುತ್ತಿದ್ದ. ಸಾಲದ್ದಕ್ಕೆ, ಪ್ರತಿದಿನ ಬೆಳಿಗ್ಗೆ ಏಳರಿಂದ ಎಂಟರವರೆಗೆ, ನಾನು ಅವನಿಗೆ ಪಾಠ ಮಾಡೋಣವೆಂದು ಹಿತ್ತಲಲ್ಲಿ ಕಾಯುವ ಹೊತ್ತಿಗೆ ಸರಿಯಾಗಿ, ಮಾಯವಾಗುತ್ತಿದ್ದ. ಎಲ್ಲೋ ಮಲಗಿರುತ್ತಾನೆ ಎಂದುಕೊಂಡೆ. ಪಾಠಕ್ಕೆ ಚಕ್ಕರ್ ಹಾಕುವವರನ್ನು ಕಾಲೇಜಿನಲ್ಲಿ ಸಾಕಷ್ಟು ನೋಡಿದ್ದೇನೆ.

ಏಳರಿಂದ ಎಂಟು ನಮ್ಮ ಮನೆಯಲ್ಲಿ ಅಜ್ಜಿಯ ಪೂಜೆಯ ಹೊತ್ತು. ನಡುಮನೆಯ ಬಾಗಿಲು ತೆರೆದಿಟ್ಟು, ಅಂಗಳಕ್ಕೆ ಮುಖ ಮಾಡಿ, ಹಣೆಗೆ ವಿಭೂತಿ ಧರಿಸಿ, ಎಡ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಕೂತರೆ ಎಂಟರವರೆಗೆ ಒಂದು ಮಾತೂ ಆಡುವುದಿಲ್ಲ. ಹಾಗೆಂದು ಆಡಳಿತ ನಿಲ್ಲುತ್ತದೆಯೇ? ಬಲಗೈ ಇದೆಯಲ್ಲ! ಅಂಗೈ ಎದುರಿಗೆ ಹಿಡಿದರೆ ನಿಲ್ಲು. ಐದು ಬೆರಳು ಕೂಡಿಸಿ ತಮ್ಮತ್ತ ಎಳೆದರೆ ಬಾ, ಇಲ್ಲವೇ ತಾ. ಬೆರಳು ಕೊಡವಿದರೆ ಆಚೆ ಓಡಿಸು, ಅದು ಕಾಗೆಯಾಗಲಿ, ನೆಂಟರಾಗಲಿ. ಮಿಕ್ಕ ಇಪ್ಪತ್ತಮೂರು ಗಂಟೆ ಅಜ್ಜಿ ಮಾತಾಡುತ್ತಾರೆ, ಯಾರೂ ಕಿವಿಗೊಡುವುದಿಲ್ಲ. ಆ ಒಂದು ಗಂಟೆ ಮಾತು ಬಿಡುತ್ತಾರೆ, ಅಪ್ಪಾಜಿ, ಅಮ್ಮ ಎಲ್ಲರೂ ಓಡುತ್ತಾರೆ.

ಭಾನುವಾರ ಬಂತು. ಲಾರಿ ಎಂಟೂವರೆಗೆ. ಏಳೂವರೆಗೇ ನಾನು ಪ್ರದರ್ಶನಕ್ಕೆ ಸಜ್ಜಾದೆ. ಅಂಗಳದ ನಡುವೆ ನಾನು, ಎದುರಿಗೆ ಧೀರ, ಪಕ್ಕದಲ್ಲಿ ಸೊಪ್ಪಿನ ಕೋಣೆಯ ತೆರೆದ ಬಾಗಿಲು, ಬಾಗಿಲಲ್ಲಿ ಸೊಂಟಕ್ಕೆ ಕೈ ಕೊಟ್ಟ ಅಪ್ಪಾಜಿ. ಅಂಗಳದ ಆ ಕೊನೆಯ ಚಪ್ಪರದಲ್ಲಿ ಸಾಕಮ್ಮ, ಕೊನೆಯ ಕಂತಿನ ಸೊಪ್ಪನ್ನು ನಿಂಬೆಬಣ್ಣದ್ದು, ಕಂದು, ಕಪ್ಪು ಎಂದು ಮೂರು ರಾಶಿ ಮಾಡಿ, ನೋಡಲು ತಿರುಗಿ ಕೂತಿದ್ದಳು. ನನ್ನ ಬೆನ್ನಿಗೆ ನಡುಮನೆ. ಅಲ್ಲಿ ಅಜ್ಜಿ ಪೂಜೆಯಲ್ಲಿದ್ದರು.

ನಾನು ಎರಡು ಬೆರಳು ಚಾಚಿದೆ. ನುಗ್ಗು!

ಧೀರ ಕೂತ.

ಮತ್ತೆ ಚಾಚಿದೆ. ಈ ಸಲ ಇಡೀ ತೋಳಿನೊಂದಿಗೆ! ಅವನು ನನ್ನ ಹೆಗಲ ಮೇಲಿಂದ ಎಲ್ಲೋ ದೂರ ನೋಡುತ್ತ ಶಿಲೆಯಂತೆ ಕೂತೇ ಇದ್ದ.

"ಮುಷ್ಕರ ಹೂಡವ್ನೆ ಕಣವ್ವ ನಿನ್ ಧೀರ," ಎಂದರು ಅಪ್ಪಾಜಿ.

ನನ್ನ ಹಿಂದೆ ಏನಾಗುತ್ತಿತ್ತು ಎಂಬುದು ನನಗೆ ಆಮೇಲೆ ತಿಳಿಯಿತು. ಅಮ್ಮ ಪೂಜೆಯ ನಡುವೆ ಏನೋ ಕೇಳಲು ಬಂದಿದ್ದರು, ಅಜ್ಜಿ ಅಂಗೈ ಹಿಡಿದು "ನಿಲ್ಲು" ಎಂದಿದ್ದರು. ಅಮ್ಮ ನಿಂತಿದ್ದರು. ಧೀರನೂ ಕೂತಿದ್ದ. ಅಷ್ಟರಲ್ಲಿ ನಮ್ಮ ಕರು ಹಗ್ಗ ಬಿಚ್ಚಿಕೊಂಡು ಬಂದು ಅಜ್ಜಿಯ ಸೇವಂತಿಗೆ ಗಿಡಕ್ಕೆ ಬಾಯಿ ಹಾಕಿತು. ಅಜ್ಜಿ ಅಮ್ಮನಿಗೆಂದು ಬೆರಳು ಕೊಡವಿದರು.

ಧೀರ ಬಾಣದಂತೆ ಹೊರಟ! "ನೋಡಿ, ನೋಡಿ!" ಎಂದು ನಾನು ಕುಣಿದೆ. ಅವನು ಸೊಪ್ಪಿನ ಕೋಣೆಯ ಬಾಗಿಲನ್ನು ದಾಟಿ, ಅಪ್ಪಾಜಿಯನ್ನು ದಾಟಿ, ಕರುವಿನ ಹಿಂಗಾಲಿಗೆ ನುಗ್ಗಿದ. ಕರು ನಾಲ್ಕೂ ಕಾಲು ಮೇಲೆತ್ತಿ ಚಪ್ಪರಕ್ಕೆ ಹಾರಿತು. ನಿಂಬೆಬಣ್ಣದ ರಾಶಿ ಕಂದಿನ ಮೇಲೆ, ಕಂದು ಕಪ್ಪಿನ ಮೇಲೆ, ಕಪ್ಪು ಸಾಕಮ್ಮನ ಮೇಲೆ!

"ಅಯ್ಯಯ್ಯೋ ಸ್ವಾಮ್ಯೋರೆ! ಮೂರ್ ದಿನದ್ ಗೇಮೆ ಮಣ್ಣಾಯ್ತು!"

ಅಪ್ಪಾಜಿಯ ಮುಖ ಮೂರು ಗ್ರೇಡೂ ದಾಟಿ ನಾಲ್ಕನೆಯದೊಂದು ಬಣ್ಣಕ್ಕೆ ಹೋಯಿತು. "ಸೋಮವಾರ ಬೇಡ. ಇವತ್ತೇ, ಇದೇ ಲಾರಿಲಿ ಹೋಗ್ಲಿ ಅದು!" ಎನ್ನುತ್ತ ಸಿಟ್ಟಿನಲ್ಲಿ ಒಂದು ಬೇಲನ್ನು ಎಳೆದರು. ಅದರ ಹಿಂದಿನಿಂದ ಒಂದು ಇಲಿ. ಅದರ ಹಿಂದೆ ಇನ್ನೊಂದು. ಮೂರನೆಯದು ಬೆಕ್ಕಿನ ಗಾತ್ರದ್ದು. ಬೆಕ್ಕು ಅದನ್ನು ನೋಡಿ ಗೌರವದಿಂದ ದಾರಿ ಬಿಟ್ಟಿತು. ಮೂರೂ ಅಂಗಳ ದಾಟಿ, ಹೊಸ್ತಿಲು ಹಾರಿ, ನೇರವಾಗಿ ನಡುಮನೆಗೆ, ಅಜ್ಜಿಯ ಮುಂದೆ!

ನಾವೆಲ್ಲ ಕೂಗಿದೆವು. ಅಜ್ಜಿ ಕೂಗಲಿಲ್ಲ. ಮೌನ ಮುರಿಯಲಿಲ್ಲ, ಎಡ ಅಂಗೈ ಅಲುಗಲಿಲ್ಲ. ಬಲಗೈಯನ್ನು ಎತ್ತಿ, ಅಂಗಳದ ತುದಿಯಲ್ಲಿ ನಿಂತಿದ್ದ ಧೀರನನ್ನು ನೋಡಿ, ಐದು ಬೆರಳು ಕೂಡಿಸಿ ತಮ್ಮತ್ತ ಎಳೆದರು.

ಧೀರ ಬಂದ. ಹೊಸ್ತಿಲ ಬಳಿ ನಿಂತು ಅಜ್ಜಿಯ ಕೈಯನ್ನೇ ನೋಡಿದ. ಅಜ್ಜಿ ತಲೆಯಾಡಿಸಿದರು. ಒಳಗೆ ಬಂದ. ತೋರಿಸಿದ ಕಡೆಗೆ ಮೂತಿ ಹಾಕಿ ಮೊದಲ ಇಲಿಯನ್ನು ಹಿಡಿದ. ಮೊಸರನ್ನದ ಬೇಟೆಗಾರ, ಕೊಲ್ಲುವ ಯೋಚನೆಯೇ ಅವನಿಗೆ ಬಂದಂತಿರಲಿಲ್ಲ. ಬಾಯಲ್ಲಿ ಕಚ್ಚಿಕೊಂಡು ಆಜ್ಞೆಗೆ ಕಾದ. ಅಜ್ಜಿ ಬೆರಳು ಕೊಡವಿದರು. ಅವನು ಅಂಗಳ ದಾಟಿ, ಬೇಲಿ ನುಸುಳಿ, ಆಚೆ ಮನೆಯ ಚಿಕ್ಕಪ್ಪ ರುದ್ರಸ್ವಾಮಿಯವರ ಹುಲ್ಲುಮೆದೆಯ ಪಕ್ಕ ಇಲಿಯನ್ನು ಜೋಪಾನವಾಗಿ ಇಳಿಸಿ ಬಂದ. ಹೀಗೆ ಮೂರು ಸಲ. ಆಮೇಲೆ ಸೊಪ್ಪಿನ ಕೋಣೆಗೂ ಹೋದ. ಅಪ್ಪಾಜಿ ಒಂದೊಂದೇ ಬೇಲ್ ಸರಿಸಿದರು, ಅವನು ಮೂಸಿ ಮೂಸಿ ಹಿಡಿದ. ನಾವು ಕೂಗಿದ್ದು, ಡಬ್ಬ ಉರುಳಿದ್ದು, ಹೊರಗೆ ಬೇಗನೇ ಬಂದ ಲಾರಿ ಹಾರ್ನ್ ಹೊಡೆದದ್ದು ಯಾವುದೂ ಅವನ ಗಮನವನ್ನು ಕೆಡಿಸಲಿಲ್ಲ. ಒಟ್ಟು ಹನ್ನೊಂದು!

ಎಂಟು ಹೊಡೆಯಿತು. ಅಜ್ಜಿ ಲಿಂಗವನ್ನು ಕಣ್ಣಿಗೊತ್ತಿಕೊಂಡು ಕರಡಿಗೆಯಲ್ಲಿಟ್ಟು, ಬಾಯಿ ತೆರೆದರು. "ದಿನಾ ಏಳ್ ಗಂಟ್ಗೆ ಬಂದು ಹೊಸ್ಲಾಚೆ ಕೂರ್ತಿತ್ತು. ನನ್ ಕೈನೇ ನೋಡ್ಕಂಡು. ಕಾಗೆ ಓಡ್ಸೋದು ಕಲೀತು, ಬಿದ್ದ ಹೂವ ತರೋದು ಕಲೀತು."

"ಕಿವಿ ಕೇಳಲ್ಲ ಅಂತ ನಿಮಗೆ ಗೊತ್ತಿತ್ತಾ ಅಜ್ಜಿ?"

"ಬಂದ್ ದಿನಾನೇ. ಕಿವಿ ಇಲ್ದೋರು ಮಕ ನೋಡಕಿಲ್ಲ, ಕೈ ನೋಡ್ತಾರೆ. ನಿಮ್ ತಾತಂಗೆ ಜ್ವರ ಬಂದು ಕಿವಿ ಹೋದ್ಮೇಲೆ ಹನ್ನೆರಡ್ ವರ್ಸ ಈ ಕೈಲೇ ಸಂಸಾರ ಮಾಡಿವ್ನಿ. ಒಂದ್ ವರ್ಸನಾದ್ರೂ ಬ್ಯಾರನ್ ಬೆಂಕಿ ಕೆಡ್ಸಿದ್ರಾ ಅವ್ರು? ಒಂದ್ ಹರಾಜಾದ್ರೂ ತಪ್ಸಿದ್ರಾ?"

ನಾನು ಹುಟ್ಟುವ ಮೊದಲೇ ತೀರಿಕೊಂಡ ತಾತ. ಅವರ ಫೋಟೋ ಮಾತ್ರ ನನಗೆ ಗೊತ್ತು. ಪೂಜೆಯ ಹೊತ್ತಿನ ಸನ್ನೆಗಳು ಯಾರಿಗಾಗಿ ಹುಟ್ಟಿದವೆಂದು ನಾನು ಯಾವತ್ತೂ ಯೋಚಿಸಿರಲಿಲ್ಲ. ಅಪ್ಪಾಜಿ ತಮ್ಮ ಅಂಗೈಯನ್ನು ಒಮ್ಮೆ ನೋಡಿಕೊಂಡು, ಧೀರನ ಎದುರು ಕುಕ್ಕರುಗಾಲಿನಲ್ಲಿ ಕೂತು, ಐದು ಬೆರಳು ಕೂಡಿಸಿ ಎಳೆದರು. ಅವನು ಹೋಗಿ ಅವರ ಮೊಣಕಾಲಿಗೆ ಒರಗಿದ.

"ನನಗ್ಯಾಕೆ ಹೇಳಲಿಲ್ಲ ಅಜ್ಜಿ?"

"ನೀನ್ಯಾವಾಗ ಕೇಳ್ದೆ?"

ಅಪ್ಪಾಜಿ ಎದ್ದರು. ತೀರ್ಪು ಬಂತು. "ನಾಯಿ ಇರ್ಲಿ. ಟ್ರೇನರ್ ಬದ್ಲಾಯ್ಸಿ."

ವಾರವಾಯಿತು. ಗೋಡೆಯಾಚೆ ಈಗ ಸದ್ದಿಲ್ಲ. ನಿನ್ನೆ ಚಿಕ್ಕಪ್ಪ ಬಂದು, "ಅಣ್ಣಾ, ಅದೇನೋ ನಮ್ ಮನೇಲಿ ಇದ್ದಕ್ಕಿದ್ದಂಗೆ ಇಲಿ ಜಾಸ್ತಿ ಆಗೋದ್ವು, ನಿಮ್ ನಾಯಿನ ಎರಡ್ ದಿನ ಕಳ್ಸು," ಎಂದರು. ಅಪ್ಪಾಜಿ ಬಹಳ ಹೊತ್ತು ಆಕಾಶ ನೋಡಿದರು. ನನಗೆ ಸಿಕ್ಕ ಶಿಕ್ಷೆಯೆಂದರೆ, ಕಾಲೇಜಿನಿಂದ ಬಂದ ಮೇಲೆ ಸಾಕಮ್ಮನ ಪಕ್ಕ ಕೂತು ಆ ಬೆರೆತ ಸೊಪ್ಪನ್ನು ಮತ್ತೆ ಮೂರು ರಾಶಿ ಮಾಡುವುದು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮಾಡುತ್ತೇನೆ. ಅಜ್ಜಿ ಕರೆದದ್ದು ಒಂದೂ ಕೇಳಿಸುವುದಿಲ್ಲ. ಅದಕ್ಕೆ ಅವರು ಮೊನ್ನೆ ಧೀರನಿಗೆ ಹೊಸದೊಂದು ಸನ್ನೆ ಕಲಿಸಿದ್ದಾರೆ. ಎರಡೂ ಕಿವಿಗೆ ಬೆರಳಿಟ್ಟು ತೋರಿಸಿ, ಐದು ಬೆರಳು ಕೂಡಿಸಿ ಎಳೆಯುವುದು. ಅರ್ಥ: "ಆ ಕಿವುಡಿಯನ್ನು ಹಿಡಿದು ತಾ."

ಈ ಬರಹವನ್ನೂ ಸೊಪ್ಪಿನ ರಾಶಿಯ ಮುಂದೆ ಕೂತೇ ಬರೆಯುತ್ತಿದ್ದೇನೆ. ಸೋತೆ, ಒಪ್ಪಿಕೊಂಡೆ. ಆದರೂ ಒಂದು ಮಾತು ದಾಖಲಾಗಲೇಬೇಕು. ಐದು ಮರಿಗಳಲ್ಲಿ ಇವನನ್ನೇ ಆರಿಸಿದ್ದು ಯಾರು? ನಾನು! ಕೆಲಸದ ನಾಯಿಯನ್ನು ಗುರುತಿಸಲು ಒಂದು ಕಣ್ಣು ಬೇಕು, ಆ ಕಣ್ಣು ನನಗೆ... ಏಯ್, ಬಿಡೋ, ದುಪಟ್ಟಾ ಹರಿಯುತ್ತೆ! ಬಂದೆ, ಎಳೀಬೇಡ, ಬಂದೆ ಅಜ್ಜಿ, ಇವನಿಗೆ ಬಿಡೋಕೆ ಹೇಳಿ, ನಾನು ಹೇಳ್ತಾ ಇದ್ದದ್ದು ಇಷ್ಟೇ, ಆ ಕಣ್ಣು ನನಗೆ ಹುಟ್ಟಿನಿಂದಲೇ