ರುದ್ರೇಶನ ಕ್ಯಾನು ತುಂಬಿದ್ದು

ಆಸ್ಪತ್ರೆಯವರು ಐದು ಲೀಟರಿನ ಕ್ಯಾನು ಕೊಟ್ಟದ್ದೇ ತಪ್ಪು. ಎರಡು ಲೀಟರಿನದು ಕೊಟ್ಟಿದ್ದರೆ ಇಷ್ಟೆಲ್ಲ ರಾದ್ಧಾಂತ ಆಗುತ್ತಲೇ ಇರಲಿಲ್ಲ.

ಹೆಗ್ಗನಹಳ್ಳಿಯ ವಠಾರದಲ್ಲಿದ್ದುಕೊಂಡು ಮನೆಮನೆಗೆ ಊಟ ತಲುಪಿಸುವ ರುದ್ರೇಶ, ತನ್ನ ಅಕ್ಕ ಕಲಾವತಿಗೆ ಒಂದು ಕಿಡ್ನಿ ಕೊಡಲು ಹೊರಟಿದ್ದ. ಎರಡು ವರ್ಷದ ಡಯಾಲಿಸಿಸ್‌ನಲ್ಲಿ ಅಕ್ಕ ಬಳಲಿ ಬೆಂಡಾಗಿದ್ದಳು. ಉಳಿದ ಪರೀಕ್ಷೆಗಳೆಲ್ಲ ಪಾಸು. ಕೊನೆಯದೊಂದಿತ್ತು: ಭಾನುವಾರ ಬೆಳಿಗ್ಗೆಯಿಂದ ಸೋಮವಾರ ಬೆಳಿಗ್ಗೆವರೆಗಿನ ಮೂತ್ರವನ್ನೆಲ್ಲ ಹಿಡಿದು ತರಬೇಕು. ಕಿಡ್ನಿಯೊಳಗಿನ ಕೂದಲಿಗಿಂತ ಸಣ್ಣ ರಕ್ತನಾಳಗಳ ಗೊಂಚಲು ರಕ್ತವನ್ನು ಸೋಸಿ ಕೊಳೆಯನ್ನಷ್ಟೇ ಹೊರಗೆ ಬಿಡಬೇಕು, ಪ್ರೋಟೀನು ಸೋರಿದರೆ ಜರಡಿ ಹರಿದಿದೆ ಎಂದರ್ಥ, ಅಂಥ ಕಿಡ್ನಿ ಬೇಡ ಎಂದಿದ್ದರು ಡಾಕ್ಟರು.

ಕ್ಯಾನು ವಠಾರದ ಬಚ್ಚಲ ಮೂಲೆಯಲ್ಲಿ ಕೂತದ್ದೇ ತಡ, ಹತ್ತು ಮನೆಯವರೂ ಬಗ್ಗಿ ಬಗ್ಗಿ ನೋಡತೊಡಗಿದರು. ಮಧ್ಯಾಹ್ನವಾದರೂ ತಳವಷ್ಟೇ ಮುಚ್ಚಿತ್ತು. ಓನರ್ ತಿಮ್ಮಯ್ಯನವರ ಹೆಂಡತಿ ಬೋರಮ್ಮ ಬಾರ್ಲಿ ನೀರು ತಂದರು, ಎದುರು ಮನೆಯವರು ಮಜ್ಜಿಗೆ ಕೊಟ್ಟರು, ಇನ್ಯಾರೋ ಕಲ್ಲಂಗಡಿ ಹೆಚ್ಚಿದರು. ಬೇಡ ಅನ್ನಲಾರದೆ ಎಲ್ಲ ಹೊಟ್ಟೆಗಿಳಿಸಿದ ರುದ್ರೇಶ, ಸಂಜೆ ಅಕ್ಕನ ಔಷಧಿಗೆಂದು ಅತ್ತಿಗುಪ್ಪೆಗೆ ಹೋದವನು ಸಿಗ್ನಲ್ ಸಿಗ್ನಲ್‌ನಲ್ಲೂ ಹಲ್ಲು ಕಚ್ಚಿಕೊಂಡು, ಒಂದು ಹನಿಯನ್ನೂ ಪರರ ಪಾಲು ಮಾಡದೆ ವಾಪಸಾದ.

ಸೋಮವಾರ ಬೆಳಿಗ್ಗೆ ನೋಡಿದರೆ ಕ್ಯಾನು ಕುತ್ತಿಗೆಯವರೆಗೆ ತುಂಬಿತ್ತು. ಅವನಿಗೇ ಬೆರಗು. ಎಲ್ಲ ತನ್ನ ಬಾರ್ಲಿಯ ಮಹಿಮೆ ಎಂದು ಬೋರಮ್ಮ ಬೀಗಿದರು.

ಮಧ್ಯಾಹ್ನ ರಿಪೋರ್ಟ್ ನೋಡಿದ ಡಾಕ್ಟರ ಮುಖ ಸಪ್ಪಗಾಯಿತು. ಪ್ರೋಟೀನು ಧಾರಾಳವಾಗಿ ಸೋರಿದೆ, ಈ ಕಿಡ್ನಿ ಆಗುವುದಿಲ್ಲ ಅಂದರು. ರುದ್ರೇಶನ ಕಣ್ಣು ತುಂಬಿ ಬಂತು.

"ನಂದೇನರ ಆಗ್ಲಿ ಸರ್, ನಮ್ಮಕ್ಕನ ಗತಿ ಏನ್ರಿ?"

ಜೊತೆಗೆ ಬಂದಿದ್ದ ತಿಮ್ಮಯ್ಯನವರು ಮೆಲ್ಲಗೆ ಕೆಮ್ಮಿದರು. "ಸಾರ್, ಅದೆಲ್ಲಾ ಅವನ್ದೇ ಅಲ್ಲ. ಕ್ಯಾನು ಅರ್ಧ ಖಾಲಿ ಇತ್ತು. ತುಂಬದಿದ್ರೆ ಹುಡುಗ ಫೇಲಾಗ್ಬಿಡ್ತಾನಲ್ಲ ಅಂತ ಸಂಜೆಯಿಂದ ನಾನೂ ಸೇರಿಸ್ತಾ ಬಂದೆ. ನಾನು ಗಟ್ಟಿ ಆಳು ಕಣ್ರೀ, ಅರವತ್ತೈದಾಯ್ತು, ಒಂದಿನ ಡಾಕ್ಟ್ರ ಮುಖ ನೋಡಿಲ್ಲ."

ಡಾಕ್ಟರು ಗಟ್ಟಿ ಆಳಿನ ತೋಳಿಗೆ ಬಿ.ಪಿ. ಪಟ್ಟಿ ಸುತ್ತಿದರು. ನೂರತೊಂಬತ್ತು. ಒತ್ತಡಕ್ಕೆ ಸಣ್ಣ ನಾಳಗಳು ಹಾಳಾಗತೊಡಗಿವೆ, ಆದರೆ ಹೊತ್ತಿಗೆ ಸರಿಯಾಗಿ ಸಿಕ್ಕಿದೆ, ಮಾತ್ರೆಯಲ್ಲೇ ಕಾಪಾಡಬಹುದು ಎಂದರು. ರುದ್ರೇಶನಿಗೂ ಧೈರ್ಯ ಹೇಳಿದರು. ಅವನದು ಚೆನ್ನಾಗಿಯೇ ಇರಬಹುದು, ಇನ್ನೊಂದು ದಿನ ಮೊದಲಿನಿಂದ ಹಿಡಿದು ತಂದರೆ ಸಾಕು.

ಹೋದ ಜೀವ ಬಂದಂತಾಗಿ ರುದ್ರೇಶ ಹೊಸ ಕ್ಯಾನು ಅಪ್ಪಿಕೊಂಡು ವಠಾರಕ್ಕೆ ಬಂದ. ತಿಮ್ಮಯ್ಯನವರು ಫೋನಿನಲ್ಲಿ ಆಗಲೇ ಸುದ್ದಿ ಮುಟ್ಟಿಸಿದ್ದರು. ಕಾಯಿಲೆಯನ್ನು ಪುಕ್ಕಟೆ ಕಂಡುಹಿಡಿಯುವ ಆ ಕ್ಯಾನಿಗಾಗಿ ಹತ್ತು ಮನೆಯವರೂ ಬಚ್ಚಲ ಮುಂದೆ ಸಾಲುಗಟ್ಟಿ ಕಾಯುತ್ತಿದ್ದರು. ಎಲ್ಲರಿಗಿಂತ ಮುಂದೆ, ಈ ಸಲ ಬಾರ್ಲಿಯಲ್ಲದ್ದು ತುಂಬಿದ ಲೋಟ ಹಿಡಿದು, ಬೋರಮ್ಮ ನಿಂತಿದ್ದರು.