ಸೇಂಗ್‌ಲಾಳ ಕವೆಗೋಲು ಊರುಗೋಲಾದ ಬಗ್ಗೆ

ಗಡಿ ಪ್ರಾಂತ್ಯದ ಪ್ರವಾಸಿ ಆಕರ್ಷಣೆಗಳ ಮುಖ್ಯಾಧಿಕಾರಿಗಳಾದ ಮಾನ್ಯರೇ,

ಆದ್ದರಿಂದ, ನಿನ್ನೆ ತಮ್ಮ ಕಚೇರಿಯ ಕಾವಲುಗಾರ ಬಾಗಿಲು ಎಳೆದುಕೊಂಡಾಗ ಅರ್ಧಕ್ಕೆ ನಿಂತ ಮಾತನ್ನು ಇಂದು ವಿಹಾರದ ಅರಳಿಮರದ ಕೆಳಗೆ ಕೂತು ಮುಂದುವರಿಸುತ್ತಿದ್ದೇನೆ. ತಮ್ಮ ಆಯುಷ್ಯ ಮೇಕಾಂಗ್ ನದಿಯಷ್ಟು ಉದ್ದವಾಗಿರಲಿ, ತಮ್ಮ ಕುರ್ಚಿಯ ಗಾಲಿಗಳು ಸದಾ ಸಲೀಸಾಗಿ ಉರುಳಲಿ. ಇಂಥ ಅರ್ಜಿಗೆಂದು ಕಾಲೇಜಿನಲ್ಲಿ ಇಂಗ್ಲಿಷಿನ ಚಂದದ ಆರಂಭವೊಂದನ್ನು ಕಲಿಸಿದ್ದರು, ‘ವಿತ್ ಡ್ಯೂ ರೆಸ್ಪೆಕ್ಟ್ ಐ ಬೆಗ್’ ಎಂದು. ಏನನ್ನು ಬೇಡಬೇಕೆಂಬ ಭಾಗ ಮರೆತುಹೋಗಿರುವುದರಿಂದ ನಮ್ಮ ಮಾತಿನಲ್ಲೇ ಬೇಡುತ್ತೇನೆ.

ಮೂರು ದೇಶಗಳನ್ನು ಒಂದೇ ಫೋಟೋದಲ್ಲಿ ಹಿಡಿಸುವ ಕಟ್ಟೆ, ಚಹಾ ಗುಡ್ಡದ ಮೇಲೆ ಯಾರೂ ಕುಡಿದು ಮುಗಿಸಲಾರದ ಸಿಮೆಂಟಿನ ಬಟ್ಟಲು, ಇವೆಲ್ಲ ತಮ್ಮ ಕೃಪೆ. ಇವುಗಳ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಈ ಮರದ್ದು. ಹೊಸವರ್ಷದ ನೀರಾಟದ ದಿನಗಳಲ್ಲಿ ನಾವು ಬಣ್ಣ ಬಳಿದ ಕವೆಗೋಲುಗಳನ್ನು ತಂದು ಇದರ ಕೊಂಬೆಗಳಿಗೆ ಆನಿಸಿ ನಿಲ್ಲಿಸುತ್ತೇವೆ, ಕೊಂಬೆಗೆ ಆಸರೆಯಾದಂತೆ ನಮ್ಮವರ ಆಯುಷ್ಯಕ್ಕೂ ಆಗಲಿ ಎಂದು. ತಮಗಿದು ಗೊತ್ತಿರದೆ ಇಲ್ಲ, ತಮ್ಮ ತಾಯಿಯವರು ನಿಲ್ಲಿಸಿದ ಕೋಲೂ ಆ ಮೂಲೆಯಲ್ಲಿದೆ. ಆದರೆ ನಮ್ಮ ‘ಮೈ ಖಮ್’ ಎಂಬ ಮಾತು ಕವೆಗೋಲಿಗೂ ಸಲ್ಲುತ್ತದೆ, ಕುಂಟುವವರ ಊರುಗೋಲಿಗೂ ಸಲ್ಲುತ್ತದೆ. ತಮ್ಮ ಅನುವಾದದ ಯಂತ್ರ ಎರಡನೆಯದನ್ನೇ ಅಪ್ಪಿಕೊಂಡು ‘ಪವಿತ್ರ ಊರುಗೋಲುಗಳು’ ಎಂದು ಇಂಗ್ಲಿಷಿನಲ್ಲಿ ಫಲಕ ಬರೆಯಿತು. ಸರಿಯಾದ ಪದ ‘ಪ್ರಾಪ್’ ಎಂದು ನನಗೆ ಹೊಳೆಯುವ ಹೊತ್ತಿಗೆ ಫಲಕದ ಬುಡದ ಸಿಮೆಂಟು ಒಣಗಿತ್ತು.

ಇಷ್ಟು ಊರುಗೋಲುಗಳಿದ್ದರೆ ಅಷ್ಟು ಜನ ನಡೆದುಕೊಂಡೇ ಮನೆಗೆ ಹೋಗಿರಬೇಕಲ್ಲ ಎಂದು ಪರದೇಶದವರು ಲೆಕ್ಕ ಹಾಕಿದರು. ಈಗ ಬಸ್ಸುಗಟ್ಟಲೆ ಮೊಣಕಾಲುಗಳು ಬಂದಿಳಿದು ಮರಕ್ಕೆ ಉಜ್ಜಿಕೊಳ್ಳುತ್ತವೆ. ಗೇಟಿನ ಬಳಿ ಒಲೆ ಹೂಡಿ ಖಾವ್ ಸೋಯ್ ಎಂಬ ನೂಡಲ್ಸ್ ಸಾರು ಬಡಿಸುವ ತುಮ್ಮಾ ನನಗೇ ಎಚ್ಚರಿಕೆ ಕೊಟ್ಟಳು: “ಮಾವ, ಮಂಡಿ ನೋವಿನೋರು ಕೂತ್ರೆ ಬೇಗ ಏಳಲ್ಲ, ಏಳೋವರ್ಗೂ ತಿಂತಾನೇ ಇರ್ತಾರೆ. ನೀನು ಇಂಗ್ಲಿಷ್ ರಿಪೇರಿಗೆ ಹೋಗಿ ನನ್ನ ಒಲೆ ಆರಿಸ್ಬೇಡ.”

ಅವಳ ಒಲೆಗಾಗಿ ಸುಮ್ಮನಿದ್ದೆ. ಆದರೆ ಪಡುವಣ ಕೊಂಬೆಯ ಕೆಳಗಿನ ಹಳದಿ-ನೀಲಿ ಕೋಲನ್ನು ಶನಿವಾರ ಕಿತ್ತು ಗಾಜಿನ ಪೆಟ್ಟಿಗೆಯಲ್ಲಿಟ್ಟು ತಾವೇ ಉದ್ಘಾಟಿಸುವಿರೆಂದು ತಿಳಿದ ಮೇಲೆ ಸುಮ್ಮನಿರಲಾಗಲಿಲ್ಲ. ತಮ್ಮ ಮಾರ್ಗದರ್ಶಿ ಹೇಳುವ ಪ್ರಕಾರ ಅದು ಕಾಲು ಬಿದ್ದುಹೋದ ಹೆಂಗಸೊಬ್ಬಳದು. ಮರ ಮುಟ್ಟಿದಳು, ಎದ್ದು ಓಡಿದಳು. ಯಾರಪ್ಪ ಆಕೆ ಎಂದು ಕೇಳಿದೆ. “ಹೆಸರು ಸಿಗ್ಲಿಲ್ಲ ಅಜ್ಜ, ಓಡ್ಬಿಟ್ಳಲ್ಲ,” ಎಂದ.

ಹೆಸರು ಸೇಂಗ್‌ಲಾ. ನನ್ನ ಹೆಂಡತಿ. ಅವಳು ಒಂದು ದಿನವೂ ಕುಂಟಲಿಲ್ಲ. ಸಂತೆಗೆ ಹೊರಟರೆ ನಾನೇ ಚೀಲ ಹಿಡಿದು ಹಿಂದೆ ಏದುಸಿರು ಬಿಡುತ್ತಿದ್ದೆ. ಎರಡಾಳೆತ್ತರದ ಈ ಕೋಲನ್ನು ಕಂಕುಳಲ್ಲಿಟ್ಟು ನಡೆಯುವ ಹೆಂಗಸಿದ್ದರೆ, ಮಾನ್ಯರೇ, ಗಾಜಿನ ಪೆಟ್ಟಿಗೆಯಲ್ಲಿಡಬೇಕಾದದ್ದು ಕೋಲನ್ನಲ್ಲ, ಅವಳನ್ನು. ಹಳದಿ ಮುಗಿದದ್ದರಿಂದ ಮೇಲರ್ಧಕ್ಕೆ ದೋಣಿಯ ನೀಲಿ ಬಳಿದಿದ್ದಳು. ಆ ವರ್ಷ ಕಾಯಿಲೆ ಅವಳಿಗೆ, ಆದರೆ ಕೋಲಿನ ಬುಡದಲ್ಲಿ ಬರೆದದ್ದು ನನ್ನ ಹೆಸರು. ನಿನ್ನ ಹೆಸರನ್ನೇ ಬರ್ಕೋ ಎಂದರೆ, “ಗಾಳಿ ಬಂದ್ರೆ ಬೀಳೋನು ನೀನು, ನಾನಲ್ಲ. ಸುಮ್ನೆ ಆ ತುದಿ ಹಿಡ್ಕೋ,” ಎಂದಳು. ಮಳೆಗಾಲದಲ್ಲಿ ಹೋದಳು. ಕೋಲು ನಿಂತಿದೆ, ನಾನೂ ನಿಂತಿದ್ದೇನೆ. ಇಷ್ಟುದ್ದದ ಪತ್ರ ಓದುವ ಕಷ್ಟ ತಮಗೆ ಬಂದಿದ್ದರೆ ಅದು ಪೂರ್ತಿ ಅವಳದೇ ಕೆಲಸ.

ಆದ್ದರಿಂದ ಬೇಡಿಕೆ ಸಣ್ಣದು: ಕೋಲನ್ನು ಅಲ್ಲೇ ಬಿಡಬೇಕು. ಆಗದಿದ್ದರೆ ಕಚೇರಿಯ ವೇಳೆಯಲ್ಲಾದರೂ ತನ್ನ ಕೊಂಬೆಯನ್ನು ತಾನೇ ಎತ್ತಿ ಹಿಡಿಯುವಂತೆ ಮರಕ್ಕೆ ತರಬೇತಿ ಕೊಡಿಸಬೇಕು, ನನ್ನ ಹೆಸರು ಹೊತ್ತು ನಿಲ್ಲಲು ತಮ್ಮ ಸಿಬ್ಬಂದಿಯಲ್ಲೊಬ್ಬರನ್ನು ನೇಮಿಸಬೇಕು, ಪೆಟ್ಟಿಗೆಯ ಮೇಲೆ ಹೀಗೆ ಬರೆಸಬೇಕು: ಕುಂಟಿದ್ದು ಈಕೆಯಲ್ಲ, ಈಕೆಯ ಗಂಡ, ಅದೂ ಈಕೆ ಹೋದ ಮೇಲೆ. ಇಂಗ್ಲಿಷಿಗೆ ಅದನ್ನು ನಾನೇ ತಿರುಗಿಸಿ ಕೊಡುವೆ, ಮೊದಲ ಪದ ನೆನಪಿದೆ, ಎರಡನೆಯದು… ಲಾವೋಸ್ ದಡದಲ್ಲಿ ದೀಪ ಹತ್ತಿದವು. ಬರೆದ ಸಾಲು ನನಗೇ ಕಾಣುತ್ತಿಲ್ಲ.

ತಮ್ಮ ವಿಶ್ವಾಸಿ,
ಇನ್‌ಕೇವ್

ತಾ.ಕ.: ಶನಿವಾರದ ವೇದಿಕೆಯನ್ನು ನೆರಳಿಗೆಂದು ಪಡುವಣ ಕೊಂಬೆಯ ಕೆಳಗೇ ಹಾಕಿದ್ದಾರೆ, ತಮ್ಮ ದೊಡ್ಡ ಕುರ್ಚಿ ನಟ್ಟನಡುವೆ ಇದೆ. ಕಾರ್ಯಕ್ರಮದಂತೆ ಮೊದಲು ಕೋಲು ಕೀಳುವುದು, ಆಮೇಲೆ ತಮ್ಮ ಭಾಷಣ. ಹಾಗೇ ನಡೆಯಲಿ. ಏನಾದರೂ ಹೆಚ್ಚುಕಡಿಮೆಯಾದರೂ ಚಿಂತೆಯಿಲ್ಲ. ತಮ್ಮ ಫಲಕದ ಪ್ರಕಾರ ಇಲ್ಲಿ ಊರುಗೋಲುಗಳಿಗೇನೂ ಬರವಿಲ್ಲ.