ವಲ್ಲಿಯೊಳಗಿನ ಎಂಟು ದಿನ

ಯುರೋಪಿನ ಮಹಾಯುದ್ಧಕ್ಕೆ ನನ್ನ ಸೋದರಮಾವ ಕಾರಣನಲ್ಲ. ಅವನನ್ನು ಅಲ್ಲಿಗೆ ಯಾರೂ ಕರೆದಿರಲಿಲ್ಲ, ಅಷ್ಟೆ!

ಮಾವ ಚಿತ್ರದುರ್ಗದಲ್ಲಿ ದನದ ದಲ್ಲಾಳಿ. ಹೆಗಲ ಮೇಲಿನ ವಲ್ಲಿಯ ಮರೆಯಲ್ಲಿ ಗಿರಾಕಿಯ ಕೈ ಹಿಡಿದು, ಬೆರಳು ಅದುಮಿ ಬೆಲೆ ಹೇಳುವುದು ಆ ಕಸುಬಿನ ರೂಢಿ. ಪಕ್ಕದಲ್ಲಿ ನಿಂತವನಿಗೂ ತಿಳಿಯಬಾರದು. ಮಾವ ಈ ರೂಢಿಯನ್ನು ಮನೆಗೂ ತಂದಿದ್ದ. ಇನ್ನೊಂದು ಮುದ್ದೆ ಬೇಕೇ ಎಂದು ಅತ್ತೆ ಕೇಳಿದರೆ ವಲ್ಲಿ ಚಾಚುತ್ತಿದ್ದ!

"ಬಾಯಿಬಿಟ್ಟು ಹೇಳ್ರಿ, ಇಲ್ಲಿ ಯಾರು ಕದ್ದು ಕೇಳ್ತಾರೆ?"

"ನಿಮ್ಮಪ್ಪ ಜಗಲಿ ಮ್ಯಾಲೆ ಕುಂತವ್ನೆ. ಮೆಲ್ಲಗೆ!"

ನಾನು ಆಗ ತಾನೇ ಕಾಲೇಜು ಮುಗಿಸಿದ್ದೆ. ಯುದ್ಧದ ಹಿಂದಿನ ಗುಪ್ತ ಕರಾರುಗಳು ಬಯಲಾದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ, ದೊರೆಗಳು ಜನರಿಗೆ ತಿಳಿಸದೆ ನಾಡುಗಳನ್ನೇ ಹಂಚಿಕೊಂಡ ಬಗೆಯನ್ನು ಮಾವನಿಗೆ ವಿವರಿಸಿದೆ. ಅವನ ಕಣ್ಣು ಅರಳಿತು.

"ಲೇ ಅಳಿಯ, ಅವ್ರೂ ನಮ್ಮ ಕಸುಬ್ನೋರೇ ಬಿಡು!"

"ಅದ್ರಿಂದ್ಲೇ ಜನ ಸಾಯ್ತಿರೋದು ಮಾವ."

"ಬೆರಳು ಸರಿಯಾಗಿ ಹಿಡಿದಿಲ್ಲ, ಅದಕ್ಕೆ!"

ಮರುವಾರವೇ ಮದಕರಿಪುರದ ಆಚೆಯ ಒಂದು ಹಳ್ಳಿಯವರು ಅವನನ್ನು ಪಂಚಾಯಿತಿಗೆ ಕರೆದರು; ಜೊತೆಗೆ ನಾನೂ ಹೋದೆ. ಕೆರೆ ನೀರಿಗಾಗಿ ಮೇಲಿನ ಕೇರಿಗೂ ಕೆಳಗಿನ ಕೇರಿಗೂ ಜಗಳ. ವಾರದಲ್ಲಿ ಯಾರಿಗೆ ಎಷ್ಟು ದಿನ? ಮಾವ ಎರಡೂ ಕಡೆಯ ಯಜಮಾನರನ್ನು ಬೇರೆ ಬೇರೆಯಾಗಿ ಕಂಡು, ವಲ್ಲಿಯೊಳಗೆ ಬೆರಳು ಅದುಮಿ, "ಇದು ನಮ್ಮಿಬ್ಬರಲ್ಲೇ ಇರ್ಲಿ ಯಜಮಾನ್ರೆ" ಎಂದ. ಇಬ್ಬರೂ ಮೀಸೆಯಡಿ ನಕ್ಕರು. ನನಗೂ ಅದು ಜಾಣತನವೆಂದೇ ತೋರಿತು!

ಗುರುವಾರ ಬೆಳಿಗ್ಗೆ, ನಾವಿನ್ನೂ ಆ ಹಳ್ಳಿಯಲ್ಲಿರುವಾಗಲೇ, ಎರಡೂ ಕೇರಿಯವರು ದೊಣ್ಣೆ ಹಿಡಿದು ತೂಬಿನ ಬಳಿ ಸೇರಿದಾಗಲೇ ಗುಟ್ಟು ಬಯಲಾದದ್ದು. ಮಾವ ಇಬ್ಬರಿಗೂ ನಾಲ್ಕು ನಾಲ್ಕು ಬೆರಳು ಅದುಮಿದ್ದ, ಗುರುವಾರ ಇಬ್ಬರ ಪಾಲಿಗೂ ಬಿದ್ದಿತ್ತು. ವಾರಕ್ಕೆ ಎಂಟು ದಿನ!

"ಏನ್ ಮಾವ ಇದು?"

"ಇಬ್ರೂ ನಗ್ತಾ ಹೋದ್ರಲ್ಲೋ!"

ಆಮೇಲಿನದು ಈಗಲೂ ಚೂರುಚೂರಾಗಿ ನೆನಪಾಗುತ್ತದೆ, ಒಂದಕ್ಕೊಂದು ಕೂಡುವುದಿಲ್ಲ. ಪದವೀಧರನಲ್ಲವೇ, ಕೈಯೆತ್ತಿಕೊಂಡು ನಡುವೆ ನುಗ್ಗಿದೆ. ಒಂದು ದೊಣ್ಣೆ ನನ್ನ ತಲೆಯ ಮೇಲೆ ಎದ್ದಿತು. ಯಾವ ಕೇರಿಯದು? ಎಡದಿಂದಲೋ, ಬಲದಿಂದಲೋ? ಎಷ್ಟು ಸಲ ಕಣ್ಣು ಮುಚ್ಚಿ ನೋಡಿದರೂ ಕಾಣುವುದು ಅಡ್ಡ ಬಂದ ಮಾವನ ಬಲಗೈ ಮಾತ್ರ. ಜೊತೆಗೆ, ಮೂಳೆ ಮುರಿದ ಆ ಸದ್ದು.

ಜನ ಬೆಚ್ಚಿ ನಿಂತರು. ಮಾವ ಮೊದಲ ಸಲ ಎಲ್ಲರೆದುರು ಬಾಯಿಬಿಟ್ಟ. "ತಪ್ಪು ನಂದು ಕಣ್ರಪ್ಪ. ಇಬ್ರಿಗೂ ನಾಲ್ಕು ಅಂದಿದ್ದೆ. ಮೂರೂವರೆ ದಿನ ಮಾಡ್ಕಳ್ರಿ." ಎರಡೂ ಕೇರಿಯವರು ಸೇರಿಯೇ ಅವನನ್ನು ಗಾಡಿಗೆ ಹತ್ತಿಸಿದರು.

ಆ ಕೈಯ ಮೂರು ಬೆರಳು ಮತ್ತೆ ಮಡಿಸಲು ಬರಲಿಲ್ಲ. ದಲ್ಲಾಳಿಕೆ ಅಲ್ಲಿಗೆ ಮುಗಿಯಿತು. ಒಂದು ಸಂಜೆ ಕೇಳಿದೆ: "ನೋಯ್ತೈತಾ ಮಾವ?"

ಅವನು ವಲ್ಲಿ ಚಾಚಿದ. ಅದರೊಳಗೆ ಕೈಯಿಟ್ಟೆ. ಆ ನೆಟ್ಟಗಿನ ಬೆರಳುಗಳು ಏನು ಹೇಳಿದವೋ, ನನಗೆ ಎಣಿಸಲು ಬರಲಿಲ್ಲ. ಬಹಳ ಹೊತ್ತಿನವರೆಗೆ ಆ ಕೈ ನನ್ನ ಕೈಯನ್ನು ಬಿಡಲಿಲ್ಲ.